ಉಡಿಗೆ ಬಿದ್ದ ಬಿಲ್ಲೆ

ಹೊಸಪೇಟೆ
18 ಅಕ್ಟೋಬರ್ 1936

ನನ್ನ ಜಂಬಿಗೆ,

ಕಾಗದದ ತಲೆಯಲ್ಲಿ ಉಭಯ ಕಡೆಯ ಕ್ಷೇಮ ಬರೆಯಬೇಕೆಂಬ ಪದ್ಧತಿ ಇದೆ. ನಾನು ಕ್ಷೇಮ, ಹೊಟ್ಟೆಯೊಳಗಿನದು ಕ್ಷೇಮ. ಉಭಯ ಇಲ್ಲಿಗೇ ಮುಗಿಯಿತು. ನಿನ್ನದು ಮೂರನೆಯ ಕಡೆ, ನೀನೇ ಬರೆ.

ಕುಬಸ ಮಾಡಿ, ಏಳು ತಿಂಗಳ ಬಸುರಿಯನ್ನು ಬಂಡಿಯಲ್ಲಿ ಕೂಡಿಸಿ ತವರಿಗೆ ಕಳಿಸಿದಿರಲ್ಲ, ಇಲ್ಲಿ ಮುಟ್ಟಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಅಪ್ಪನ ಮನೆಯ ಹೊಸ್ತಿಲು ದಾಟಿ ಬೀದಿಗೆ ಬಂದದ್ದು. ಮತ್ತೆ ಒಳಗೆ ಹೋದೆ. ಮತ್ತೆ ಹೊರಗೆ ಬಂದೆ. ಅವ್ವ ಹೆದರಿ, "ಯಾಕವ್ವಾ, ಹೊಟ್ಯಾಗ ಸಂಕಟ ಆಗಾಕ ಹತ್ತೈತೇನು?" ಅಂದಳು. ಸಂಕಟವಲ್ಲ, ಕೊರಳಲ್ಲಿ ಬಿಲ್ಲೆಯಿಲ್ಲದೆ ಹೊಸ್ತಿಲು ದಾಟಿದರೆ ಹೇಗಿರುತ್ತದೆಂದು ನೋಡುತ್ತಿದ್ದೇನೆ ಎಂದೆ. ಅವಳಿಗೆ ತಿಳಿಯಲಿಲ್ಲ. ನಮ್ಮ ಕಂಪ್ಲಿಯ ವೈಭವವನ್ನು ವರ್ಣಿಸಿ ಮುಗಿಸುವುದರಲ್ಲಿ ಸಂಜೆಯಾಯಿತು.

ಹೇಳಿದೆ: ನಮ್ಮಲ್ಲಿ ಸ್ತ್ರೀಗೌರವ ಸಂರಕ್ಷಣಾ ಸಂಘ ಅಂತ ಒಂದಿದೆ, ಮರುಳಸಿದ್ದಪ್ಪನವರು ಅಧ್ಯಕ್ಷರು. ಹೆಂಗಸರು ಬೀದಿಯಲ್ಲಿ ಕಂಡಷ್ಟೂ ಗೌರವ ಸವೆಯುತ್ತದಂತೆ. ಅದಕ್ಕೆ ಮನೆಗೊಂದು ಹಿತ್ತಾಳೆ ಬಿಲ್ಲೆ. ಅದನ್ನು ಕೊರಳಿಗೆ ಕಟ್ಟಿಕೊಂಡವಳು ಮಾತ್ರ ನೀರಿಗೆ, ಸಂತೆಗೆ, ಗುಡಿಗೆ ಹೋಗಬಹುದು, ಮಿಕ್ಕವರು ಒಳಗೆ. ಮೀರಿದ ಮನೆಗೆ ಅಂಗಡಿ ಬಂದ್, ಬಾವಿ ಬಂದ್, ಸತ್ತರೆ ಹೆಗಲು ಕೊಡುವವರೂ ಬಂದ್. ನಮ್ಮ ಮನೆಯಲ್ಲಿ ಅತ್ತೆಗೆ ಮೊಣಕಾಲು ನೋವು, ಆದ್ದರಿಂದ ಹಿರಿಸೊಸೆಯಾದ ನನಗೆ ಬಿಲ್ಲೆ, ಕಿರಿಸೊಸೆ ಜಂಬಿಗೆ ಒಳಮನೆ. ಲಿಂಗ ಒಂದು, ತಾಳಿ ಒಂದು, ಬಿಲ್ಲೆ ಒಂದು. ಇನ್ನೊಂದು ಬಂದರೆ ಕೊರಳನ್ನೇ ಉದ್ದ ಮಾಡಿಸಬೇಕು. ಅವ್ವ ಕೇಳಿದಳು, ಕಾವಲಿಗೆ ಯಾರನ್ನು ಇಟ್ಟಿದ್ದಾರೆ ಎಂದು. ಯಾರನ್ನೂ ಇಟ್ಟಿಲ್ಲವ್ವಾ, ಮನೆಗೆ ಒಂದೇ ಬಿಲ್ಲೆ ಕೊಟ್ಟ ಮೇಲೆ ಕಾವಲು ಯಾತಕ್ಕೆ ಎಂದೆ. ಗೌರವ ಸಂಘವೋ ರೌರವ ಸಂಘವೋ, ತಲೆಯಿದ್ದವರು ಕಟ್ಟಿದ್ದಾರೆ.

ಹೊರಡುವಾಗ ನಿನ್ನ ಉಡಿಗೆ ಅಕ್ಕಿ, ಅರಿಷಿಣದ ಕೊಂಬು, ಕೊಬ್ಬರಿ ಬಟ್ಟಲು ಹಾಕಿ, ನಿನಗೂ ಬೇಗ ಒಂದು ಕೂಸಾಗಲೆಂದು ಹರಸಿ, ಕೊನೆಗೆ ನನ್ನ ಬಿಲ್ಲೆಯನ್ನೂ ಅದರ ಮೇಲೆ ಕೆಡವಿದೆ. ಎಲ್ಲರೂ ನಕ್ಕರು, ಅತ್ತೆಯೊಬ್ಬರನ್ನು ಬಿಟ್ಟು. ನಾನು ಬರುವ ತನಕ ಕಟ್ಟಿಕೋ. ಸವೆಸಬೇಡ.

ನಿನ್ನ ನೆಗೆಣ್ಣಿ (ಪುಸ್ತಕದವರು ವಾರಗಿತ್ತಿ ಅನ್ನುತ್ತಾರೆ, ವಾರಕ್ಕೊಂದು ಕಾಗದ ಬರೆದರೆ ಆ ಹೆಸರೂ ಒಪ್ಪೀತು),
ಉಚ್ಚೆಂಗಮ್ಮ


ಕಂಪ್ಲಿ
2 ನವೆಂಬರ್ 1936

ಅಕ್ಕನವರಿಗೆ ಜಂಬಕ್ಕನ ಶರಣು.

ಮೂರನೆಯ ಕಡೆಯೂ ಕ್ಷೇಮ. ನೀವು ಕಲಿಸಿದ ಅಕ್ಷರದಲ್ಲಿ ಇದು ನನ್ನ ಮೊದಲ ಕಾಗದ. ಒತ್ತಕ್ಷರ ಸೊಟ್ಟಗಿದ್ದರೆ ನಗಬೇಡಿರಿ. ನಗುತ್ತೀರಿ, ಗೊತ್ತು.

ಬಿಲ್ಲೆ ಕಟ್ಟಿಕೊಂಡು ಬೀದಿಗೆ ಇಳಿದ ಮೊದಲ ದಿನ ನನ್ನ ಕಾಲಿಗೆ ನಡೆಯುವುದೇ ಮರೆತಿತ್ತು. ಒಳಮನೆಯಿಂದ ಹಿತ್ತಿಲಿಗೆ ಎಷ್ಟು ಬೇಕೋ ಅಷ್ಟು ನಡೆದು ತಾನಾಗಿ ನಿಲ್ಲುತ್ತಿತ್ತು. ಗೋಡೆ ಹಿಡಿದುಕೊಂಡು ಅಂಗಡಿಗೆ ಹೋದೆ. ಮರುದಿನ ಗೋಡೆ ಬಿಟ್ಟೆ. ಈಗ ಹೊಳೆಗೆ ಹೋಗುತ್ತೇನೆ. ಹರಿಗೋಲು ಹಾಕುವ ಮೂಕಣ್ಣ ಇದ್ದಾನಲ್ಲ, ಹೆಸರೊಂದೇ ಮೂಕ. ಆಚೆ ದಂಡೆಯನ್ನು ತೋರಿಸಿ, "ಅದು ನಿಜಾಮನ ಸೀಮಿ ಐತವ್ವಾ. ಅಲ್ಲಿ ಹೆಣ್ಮಕ್ಕಳು ಹಿತ್ತಾಳಿ ಕಟ್ಟಂಗಿಲ್ಲ, ಇದ್ರ ಬೆಳ್ಳಿ ಕಟ್ತಾರ, ಇಲ್ದಿದ್ರ ಇಲ್ಲ" ಅಂದ. ನಾನು ಬಹಳ ಹೊತ್ತು ಆ ದಂಡೆಯನ್ನು ನೋಡಿದೆ. ಅಲ್ಲಿಯೂ ಮರಗಳೇ ಇವೆ.

ಬಿಲ್ಲೆ ನಿಮ್ಮದೇ. ಬಂದ ಕೂಡಲೆ ಈಸಿಕೊಳ್ಳಿರಿ. ಹುಣಸೆಹಣ್ಣು ಹಚ್ಚಿ ಬೆಳಗಿದ್ದೇನೆ.

ನಿಮ್ಮ
ಜಂಬಕ್ಕ


ಹೊಸಪೇಟೆ
20 ನವೆಂಬರ್ 1936

ಬೆಳಗಿದ ಜಂಬಕ್ಕನಿಗೆ,

ನಾನು ಒಂದು ವರ್ಷ ಕಟ್ಟಿಕೊಂಡೆ, ಹುಣಸೆಹಣ್ಣು ನೆನಪಾಗಲಿಲ್ಲ ನೋಡು. ಮಂದಿ ಈಗ ಹೋಲಿಸಿ ಮಾತಾಡುತ್ತಿರಬೇಕು.

ನಿನ್ನ ಕಾಗದ ಓದಿದ ದಿನದಿಂದ ಎದೆ ಉರಿ. ಕೂಸಿಗೆ ತಲೆಗೂದಲು ಬರುತ್ತಿದೆ ಅಂದಳು ಅವ್ವ. ಹೊಟ್ಟೆಯಲ್ಲಿ ಕೂಸೂ ಇದೆ, ಕಿಚ್ಚೂ ಇದೆ. ಒದೆಯುವುದು ಯಾವುದೆಂದು ನನಗೇ ಗೊತ್ತಾಗುತ್ತಿಲ್ಲ. ಇಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಬೇಕೆಂದಾಗ ಪೇಟೆ, ಬೇಕೆಂದಾಗ ಕಾಲುವೆ ದಂಡೆ. ಮೊನ್ನೆ ಬಂಡಿ ಕಟ್ಟಿಸಿ ಕಡ್ಡಿರಾಂಪುರದ ಮೇಲೆ ಹಾದು ಹಂಪಿಗೆ ಹೋಗಿ ಪಂಪಾಪತಿಗೆ ಕೈಮುಗಿದು ಬಂದೆ. ದಾರಿಯುದ್ದಕ್ಕೂ ಕಬ್ಬು, ಬಾಳೆ. ಯಾರೂ ನನ್ನ ಕೊರಳನ್ನು ನೋಡಲಿಲ್ಲ. ನನಗೆ ಮಾತ್ರ ಒಂದೇ ಯೋಚನೆ: ಈ ಹೊತ್ತಿಗೆ ಜಂಬಿ ಹೊಳೆಯಲ್ಲಿರುತ್ತಾಳೆ.

ಊರು ಪೂರಾ ನನ್ನದಾಗಿರುವಾಗ ಹಿತ್ತಾಳೆಯ ಚೂರಿಗೆ ಯಾಕೆ ಹೊಟ್ಟೆ ಉರಿಯಬೇಕು, ನೀನು ಜಾಣೆಯಾದರೆ ಹೇಳು. ಇಲ್ಲಿ ಎಲ್ಲರೂ ತಿರುಗುತ್ತಾರೆ, ಅದರಲ್ಲಿ ಸ್ವಾರಸ್ಯವಿಲ್ಲ. ಅಲ್ಲಿ ಇಬ್ಬರು ಒಳಗಿದ್ದು ಒಬ್ಬಳು ಹೊರಡುವಾಗ ಇರುವ ರುಚಿ ಬೇರೆ. ಇದನ್ನು ಬರೆದ ಮೇಲೆ ಓದಿದರೆ ನಾಚಿಕೆಯಾಗುತ್ತದೆ, ಆದರೆ ಕಾಗದಕ್ಕೆ ಕಾಸು ಕೊಟ್ಟಿದ್ದೇನೆ.

ಮೂಕಣ್ಣನ ಸಂಗಡ ಎಷ್ಟು ಹೊತ್ತು ಮಾತು? ನನ್ನ ಕಾಲದಲ್ಲಿ ಅವನು ಹೆಸರಿಗೆ ತಕ್ಕಂತಿದ್ದ.

ನಿನ್ನ
ಉಚ್ಚೆಂಗಮ್ಮ


ಕಂಪ್ಲಿ
29 ಡಿಸೆಂಬರ್ 1936

ಅಕ್ಕನವರಿಗೆ ಶರಣು.

ಬರೆಯಲು ತಡವಾಯಿತು. ಹೊರಗಿನ ಕೆಲಸ ಬಹಳ.

ಅತ್ತೆಯವರು ಈಗ ನನಗೆ ಮೊದಲು ಬಿಸಿ ರೊಟ್ಟಿ ಹಾಕುತ್ತಾರೆ. "ಹೊರಗ ಹೋಗಿ ಬಂದಾಕಿ, ದಣದಿರ್ತಾಳ" ಎಂದು ಅವರೇ ಬೆಣ್ಣೆ ಇಡುತ್ತಾರೆ. ನಾನು ಸಂತೆಯಿಂದ ಬರುವ ಹೊತ್ತಿಗೆ ಓಣಿಯ ಕಿಟಕಿಗಳಲ್ಲಿ ಒಳಗಿನ ಹೆಂಗಸರು ಕಾಯುತ್ತಿರುತ್ತಾರೆ, ಬದನೆಕಾಯಿಯ ಬಣ್ಣ ಹೇಗಿತ್ತು ಎನ್ನುವುದರಿಂದ ಹಿಡಿದು ಎಲ್ಲವನ್ನೂ ಕೇಳುತ್ತಾರೆ. ಒಂದೊಂದು ಕಿಟಕಿಗೆ ಒಂದೊಂದು ಸಂಗತಿ ಹೇಳುತ್ತೇನೆ. ಎಲ್ಲವನ್ನೂ ಒಬ್ಬರಿಗೇ ಹೇಳಿದರೆ ಮುಂದಿನ ಕಿಟಕಿಗೆ ಏನು ಉಳಿಯುತ್ತದೆ?

ನಿಮಗೆ ಮಾತ್ರ ಒಂದು ಮಾತು. ಮೊನ್ನೆ ಮೂಕಣ್ಣ ನನ್ನನ್ನು ಹರಿಗೋಲಿನಲ್ಲಿ ಕೂಡಿಸಿ ನಡುಹೊಳೆಗೆ ಒಯ್ದು, ಒಂದು ಸುತ್ತು ತಿರುಗಿಸಿ ತಂದ. ಅವನ ಹೆಂಡತಿಯೂ ಇದ್ದಳು. ಎರಡು ದಂಡೆಗಳೂ ತಿರುಗಿದವು. ಯಾವುದು ನಮ್ಮದು, ಯಾವುದು ನಿಜಾಮನದು ಎಂದು ತಿಳಿಯಲಿಲ್ಲ. ನಾನು ಗಟ್ಟಿಯಾಗಿ ನಕ್ಕೆ. ನಡುಹೊಳೆಯಲ್ಲಿ ನಕ್ಕರೆ ಊರಿಗೆ ಕೇಳಿಸುವುದಿಲ್ಲ, ಅಕ್ಕ.

ನಿಮಗೆ ಸುಖವಾಗಿ ಹೆರಿಗೆಯಾಗಲಿ.

ಜಂಬಕ್ಕ


ಹೊಸಪೇಟೆ
25 ಜನವರಿ 1937

ಜಂಬಕ್ಕನಿಗೆ,

ಹೆಣ್ಣು ಕೂಸು. ಕಪ್ಪು ಕೂದಲು, ಜೋರು ದನಿ. ಬಾಣಂತಿ ಕೋಣೆಯಲ್ಲಿ ಹೊಗೆ, ಬಿಸಿನೀರು, ಕೊಬ್ಬರಿ, ಬೆಲ್ಲ. ಹೊರಗೆ ಹೆಜ್ಜೆ ಇಡುವಂತಿಲ್ಲ. ಈ ಕತ್ತಲಲ್ಲಿ ಮಲಗಿಕೊಂಡು ನೀನು ನಡುಹೊಳೆಯಲ್ಲಿ ತಿರುಗುವುದನ್ನು ನೋಡುತ್ತಿದ್ದೇನೆ. ನನ್ನನ್ನು ಯಾರೂ ಒಂದು ಸುತ್ತು ತಿರುಗಿಸಲಿಲ್ಲ. ಕೇಳಲು ನನಗೆ ಹೊಳೆಯಲೂ ಇಲ್ಲ; ಹೊಳೆ ನಿನಗೇ ಹೊಳೆಯಿತು.

ಕೂಸಿನ ಸುದ್ದಿಯನ್ನು ಮಾವನವರಿಗೆ ಬೇರೆ ಕಾಗದದಲ್ಲಿ ಬರೆದಿದ್ದೇನೆ. ಜೊತೆಗೆ ನಾಲ್ಕು ಸಾಲು ತಮಾಷೆ: ನಿಮ್ಮ ಕಿರಿಸೊಸೆ ಹರಿಗೋಲಿನಲ್ಲಿ ತೇಲುತ್ತಿದ್ದಾಳೆ, ಮನೆಯ ಗೌರವಕ್ಕೆ ಈಜು ಬರುತ್ತದೆಯೋ ಇಲ್ಲವೋ ಈಗಲೇ ನೋಡಿಕೊಳ್ಳಿರಿ ಎಂದು. ಅವರು ನಕ್ಕು ಸುಮ್ಮನಾಗುತ್ತಾರೆ. ನೀನೂ ನಗು.

ಬಾಣಂತಿ, ಬಾಣ ಬಿಡುವುದರಲ್ಲಿ ಮಾತ್ರ ಗಟ್ಟಿ,
ಉಚ್ಚೆಂಗಮ್ಮ


ಕಂಪ್ಲಿ
21 ಫೆಬ್ರವರಿ 1937

ಅಕ್ಕನವರಿಗೆ ಶರಣು.

ಮಾವನವರು ನಗಲಿಲ್ಲ. ನಿಮ್ಮ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಸಂಘಕ್ಕೆ ಹೋದರು. ಹಿರಿಸೊಸೆ ಓದಿದವಳು, ಸುಮ್ಮನೆ ಬರೆಯುವವಳಲ್ಲ ಎಂದು ಅಲ್ಲಿ ಓದಿಸಿದರು. ಗೌರವಕ್ಕೆ ಈಜು ಬರುತ್ತದೆಯೇ ಎಂಬ ಸಾಲನ್ನು ಮರುಳಸಿದ್ದಪ್ಪನವರು ಎರಡು ಸಲ ಓದಿಸಿಕೊಂಡರಂತೆ. ಚೆನ್ನಾಗಿ ಕೇಳಿದ್ದಾಳೆ, ನಮಗೇ ಇದು ತೋಚಿರಲಿಲ್ಲ ಎಂದರಂತೆ.

ಈಗ ಯಾವ ಮನೆಯ ಬಿಲ್ಲೆಗೂ ಹೊಳೆಯಿಲ್ಲ. ನೀರನ್ನು ಗಂಡಾಳುಗಳು ಹೊತ್ತು ತಂದು ಹಾಕುತ್ತಾರೆ. ಮೂಕಣ್ಣನಿಗೆ ಈ ದಂಡೆಯಲ್ಲಿ ಹರಿಗೋಲು ಹಾಕಬಾರದೆಂದು ಹೇಳಿದರು. ಅವನು ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಆಚೆ ದಂಡೆಗೆ ಹೋದ. ಹೊಳೆಯ ನೀರಲ್ಲಿ ಒಗೆದು, ನೆಂದು, ಹರಟುತ್ತಿದ್ದ ಬಿಲ್ಲೆಯ ಹೆಂಗಸರೆಲ್ಲ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ನನ್ನ ಬಿಲ್ಲೆ ಉಳಿಯಿತು. ಬೈಗುಳ ತಿಂದ ಮೇಲೆ ಉಳಿಯಿತು.

ಕೂಸಿಗೆ ಒಂದು ಕುಲಾಯಿ ಹೊಲಿದು ಕಳಿಸಿದ್ದೇನೆ. ಅಳತೆ ಸರಿಯಿದೆಯೋ ಇಲ್ಲವೋ. ಕೂಸಿನ ತಲೆಯನ್ನು ಕೈಯಲ್ಲಿ ಹಿಡಿದು ನನಗೆ ರೂಢಿಯಿಲ್ಲ.

ಜಂಬಕ್ಕ


ಹೊಸಪೇಟೆ
20 ಮಾರ್ಚ್ 1937

ಜಂಬಿ,

ಕುಲಾಯಿ ಸರಿಯಾಗಿದೆ. ಹಾಕಿದರೆ ಕೂಸು ನಿನ್ನ ಹಾಗೆ ಕಾಣುತ್ತದೆ, ಅಂದರೆ ಸುಮ್ಮನಿದ್ದು ಎಲ್ಲವನ್ನೂ ನೋಡುತ್ತದೆ.

ನಾನು ಬರೆದದ್ದು ನಗಲಿಕ್ಕೆ. ಕಂಪ್ಲಿಯಲ್ಲಿ ನಗೆಗೆ ಬಿಲ್ಲೆ ಕೊಟ್ಟಿಲ್ಲವೆನ್ನುವುದು ನನಗೆ ಮರೆತಿತ್ತು. ನೀನು ಹರಿಗೋಲು ಹತ್ತದಿದ್ದರೆ ನಾನು ಬರೆಯುತ್ತಿರಲಿಲ್ಲ, ನಾನು ಬರೆಯದಿದ್ದರೆ ಅವರು ಓದಿಸುತ್ತಿರಲಿಲ್ಲ. ಮೂವರಿಗೂ ಸಮಪಾಲು ಎಂದಿಟ್ಟುಕೊಳ್ಳೋಣ.

ಜೂನ್ ಹೊತ್ತಿಗೆ ಕೂಸನ್ನು ಎತ್ತಿಕೊಂಡು ಬರುತ್ತೇನೆ. ಬಂದಾಗ ತಕರಾರಾಗಬಾರದೆಂದು, ಬಿಲ್ಲೆ ನನ್ನ ಹೆಸರಿಗೇ ತಿರುಗಿ ಬರಬೇಕೆಂದು ಸಂಘಕ್ಕೆ ಬರೆದುಕೊಂಡಿದ್ದೇನೆ. ಹೊಳೆ ಹೋದರೆ ಹೋಗಲಿ, ಸಂತೆ ಇದೆ, ಗುಡಿ ಇದೆ. ಇಲ್ಲಿ ಇಷ್ಟು ತಿರುಗಿದ ಮೇಲೆ ನಾನು ಒಳಗೆ ಕೂಡಲಾರೆ. ಸಿಟ್ಟಾಗಬೇಡ. ಹಿರಿಯಳದು ಹಿರಿಯಳಿಗೆ.

ಉಚ್ಚೆಂಗಮ್ಮ


ಕಂಪ್ಲಿ
11 ಏಪ್ರಿಲ್ 1937

ಅಕ್ಕನವರಿಗೆ ಶರಣು.

ನೀವು ಸಂಘಕ್ಕೆ ಬರೆದದ್ದರ ವಿಚಾರಣೆ ನಮ್ಮ ಪಡಸಾಲೆಯಲ್ಲೇ ಆಯಿತು. ನಾವು ಬಾಗಿಲ ಹಿಂದೆ ನಿಂತಿದ್ದೆವು. ಮರುಳಸಿದ್ದಪ್ಪನವರು ಒಂದೇ ಮಾತು ಕೇಳಿದರು.

"ಕೈಯಾಗ ಕೊಟ್ಟಳೋ, ಉಡಿಯಾಗ ಹಾಕಿದಳೋ?"

ಅತ್ತೆಯವರು ಒಳಗಿನಿಂದಲೇ ಅಂದರು: "ಉಡಿಯಾಗರೀ. ಅಕ್ಕಿ ಮ್ಯಾಲ ಹಾಕ್ಯಾಳ, ನಾನ ನೋಡೀನಿ."

ಕೈಗೆ ಕೊಟ್ಟದ್ದು ಇಟ್ಟುಕೊಂಡಿರಲಿಕ್ಕೆ, ಉಡಿಗೆ ಹಾಕಿದ್ದು ಹಾಕಿದಂತೆಯೇ, ತಿರುಗಿ ಕೇಳಿದರೆ ಹರಸಿದ ಹರಕೆಯೂ ತಿರುಗುತ್ತದೆ ಎಂದು ತೀರ್ಮಾನವಾಯಿತು. ನಮ್ಮಲ್ಲಿ ಸಣ್ಣ ಹುಡುಗಿಯರಿಗೂ ಗೊತ್ತಿರುವುದು, ನೀವು ನಗಿಸುವ ಭರದಲ್ಲಿ ಮರೆತಿರಿ. ಆಮೇಲೆ ಅವರು, "ನೀನಾಗೇ ತಿರುಗಿ ಕೊಡ್ತೀಯೇನವಾ?" ಎಂದು ನನ್ನನ್ನು ಕೇಳಿದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ ಒಲ್ಲೆ ಎಂದು ಬರೆದುಕೊಂಡರು. ಸರಿಯಾಗಿಯೇ ಬರೆದುಕೊಂಡರು.

ಒಂದು ವರ್ಷ ನೀವು ಹೊರಗೆ ಹೋಗಿ ಬಂದಿರಿ. ಸಂಜೆ ಒಲೆಯ ಮುಂದೆ ಕುಳಿತು ಕಂಡದ್ದನ್ನೆಲ್ಲ ಹೇಳುತ್ತಿದ್ದಿರಿ. ಅತ್ತೆ ಕೂಡ ನಗುವ ಹಾಗೆ ಹೇಳುತ್ತಿದ್ದಿರಿ. ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ನಿನಗೂ ಹೋಗಬೇಕು ಅನ್ನಿಸುತ್ತದೇನು ಎಂದು ಒಂದು ದಿನವೂ ನೀವು ಕೇಳಲಿಲ್ಲ. ನಿಮ್ಮ ಉಡಿಗೆ ಕೂಸು ಬಿತ್ತು, ನನ್ನ ಉಡಿಗೆ ಬಿಲ್ಲೆ ಬಿತ್ತು. ನಿಮ್ಮದನ್ನು ನಾನು ಕೇಳಿದೆನೇನು, ಅಕ್ಕ?

ಬನ್ನಿರಿ. ನಿಮ್ಮ ಕೋಣೆಯನ್ನು ಸಾರಿಸಿ ಇಡುತ್ತೇನೆ. ಸಂಜೆ ನಾನು ಎಲ್ಲವನ್ನೂ ಹೇಳುತ್ತೇನೆ. ನಿಮ್ಮಷ್ಟು ಚೆಂದ ಬರುವುದಿಲ್ಲ.

ಬರುವ ತಿಂಗಳು ಸಣ್ಣ ಮೈದುನನ ಮದುವೆ. ಹುಡುಗಿ ಪಾಪಿನಾಯಕನಹಳ್ಳಿಯವಳು, ಎರ್ರಮ್ಮ ಎಂದು ಹೆಸರು.

ಜಂಬಕ್ಕ


ಹೊಸಪೇಟೆ
4 ಜೂನ್ 1937

ಜಂಬಿಗೆ,

ಇಷ್ಟು ದಿನ ಬರೆಯಲಿಲ್ಲ. ಬರೆದೆ, ಹರಿದೆ. ಹರಿದದ್ದರಲ್ಲೆಲ್ಲ ಒಳ್ಳೊಳ್ಳೆಯ ತಮಾಷೆಗಳಿದ್ದವು.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಇಲ್ಲ, ಕೇಳಲಿಲ್ಲ. ಕೇಳಿದ್ದರೆ ಕೊಡಬೇಕಾಗುತ್ತಿತ್ತು.

ಇನ್ನು ಇಲ್ಲಿಯ ಸುದ್ದಿ. ಕಂಪ್ಲಿಯ ಏರ್ಪಾಟು ಬಹಳ ಚೆನ್ನಾಗಿ ನಡೆದಿದೆಯೆಂದು ಹೊಸಪೇಟೆಯ ಹಿರಿಯರು ಮರುಳಸಿದ್ದಪ್ಪನವರನ್ನು ಕರೆಸಿ ಭಾಷಣ ಮಾಡಿಸಿದರು. ಖರ್ಚಿಲ್ಲ, ಕಾವಲಿಲ್ಲ, ಹೆಂಗಸರೇ ನಡೆಸಿಕೊಂಡು ಹೋಗುತ್ತಾರೆ ಎಂದರಂತೆ. ಬರುವ ಹುಣ್ಣಿಮೆಯಿಂದ ಇಲ್ಲಿಯೂ ಬಿಲ್ಲೆ. ನಿಯಮಗಳನ್ನು ಬರೆಯಲು ಒಳ್ಳೆಯ ಕನ್ನಡ ಬೇಕಲ್ಲ, ಮೇಷ್ಟರು ದೊಡ್ಡಬಸಪ್ಪನವರಿಗೆ, ಅಂದರೆ ನನ್ನ ಅಪ್ಪನಿಗೆ, ಒಪ್ಪಿಸಿದ್ದಾರೆ. ಅಪ್ಪ ಬರೆದು ನನ್ನ ಕೈಗೆ ಕೊಟ್ಟು, ಕಾಗುಣಿತ ನೋಡು ಮಗಳೇ ಎಂದರು. ನೋಡಿದೆ. ತಪ್ಪು ಒಂದೂ ಇರಲಿಲ್ಲ. ಕೊಟ್ಟ ಹೆಣ್ಣುಮಕ್ಕಳು ತವರಿನ ಲೆಕ್ಕಕ್ಕೆ ಬರುವುದಿಲ್ಲ ಎಂಬ ಸಾಲು ಅಪ್ಪನ ಕೈಯಲ್ಲಿ ಬಹಳ ಸುಂದರವಾಗಿ ಬಂದಿದೆ. ಅಂದಿನಿಂದ ಅವ್ವನೂ ಅತ್ತಿಗೆಯೂ ಒಬ್ಬರ ತಟ್ಟೆಯನ್ನು ಒಬ್ಬರು ನೋಡುತ್ತ ಉಣ್ಣುತ್ತಿದ್ದಾರೆ. ಇನ್ನೂ ಬಿಲ್ಲೆ ಬಂದಿಲ್ಲ.

ಅಲ್ಲಿ ಬಿಲ್ಲೆ ನಿನ್ನದು, ಇಲ್ಲಿ ನಾನು ಲೆಕ್ಕಕ್ಕೇ ಇಲ್ಲ. ನಿನ್ನ ಭಾವನವರು ಒಂದು ಕಾರ್ಡು ಬರೆದಿದ್ದಾರೆ: ಬಂದರೆ ಬಾ. ಅದರಲ್ಲಿ ಕರೆದದ್ದು ಎಷ್ಟು, ಕರೆಯದ್ದು ಎಷ್ಟು ಎಂದು ತೂಗಿ ನೋಡಿ ಕಾರ್ಡನ್ನು ಮಡಿಸಿಟ್ಟೆ.

ಸಂಡೂರು ಸಂಸ್ಥಾನದಲ್ಲಿ ಈ ಸಂಘಗಳ ಮಾತು ನಡೆಯುವುದಿಲ್ಲ. ನನ್ನ ಚಿಗವ್ವ ನಿಂಗಕ್ಕ, ಅವ್ವನ ತಂಗಿ, ಯಶವಂತನಗರದಲ್ಲಿ ಗಣಿಯವರಿಗೆ ಖಾನಾವಳಿ ನಡೆಸುತ್ತಾಳೆ. ಗಂಡನಿಲ್ಲದವಳು, ಬಾಯಿ ಜೋರು, ಕೈ ಧಾರಾಳ. ಬಾ, ರೊಟ್ಟಿ ಬಡಿ, ಕೂಸು ನಮ್ಮ ನಡುವೆ ಬೆಳೆಯಲಿ ಎಂದಿದ್ದಾಳೆ. ಇನ್ನೊಬ್ಬಳನ್ನೂ ಕರೆತರುತ್ತೇನೆಂದು ಬರೆದೆ. ಇಬ್ಬರಾದರೆ ಇನ್ನೂ ಒಳ್ಳೆಯದೆಂದಳು.

ಹದಿನಾರನೆಯ ತಾರೀಖು ಬುಧವಾರ, ಕಂಪ್ಲಿಯಿಂದ ಬೆಳಗಿನ ಮೋಟಾರಿಗೆ ಬಾ. ಬಿಲ್ಲೆ ಇರುವುದರಿಂದ ಮೋಟಾರಿನ ತನಕ ನಿನ್ನನ್ನು ಯಾರೂ ತಡೆಯುವುದಿಲ್ಲ. ಬಿಲ್ಲೆಯನ್ನು ಮನೆಯಲ್ಲೇ ಬಿಟ್ಟು ಬಂದರೂ ತಂದರೂ ನನಗೆ ಒಂದೇ. ಮಧ್ಯಾಹ್ನ ಇಬ್ಬರೂ ಸಂಡೂರಿನ ಮೋಟಾರು ಹತ್ತೋಣ. ಕೂಸನ್ನು ನಿನ್ನ ತೊಡೆಯ ಮೇಲೆ ಕೂಡಿಸುತ್ತೇನೆ. ಇದರಲ್ಲಿ ತಮಾಷೆ ಇಲ್ಲ, ಹುಡುಕಬೇಡ.

ನಿನ್ನ
ಉಚ್ಚೆಂಗಮ್ಮ


ಕಂಪ್ಲಿ
17 ಜೂನ್ 1937

ಯಶವಂತನಗರದಲ್ಲಿರುವ ಅಕ್ಕನವರಿಗೆ ಜಂಬಕ್ಕನ ಶರಣು.

ನಿನ್ನೆ ಹೊಸಪೇಟೆಯಲ್ಲಿ ನೀವು ಬಹಳ ಹೊತ್ತು ಕಾದಿರಬೇಕು. ಕೂಸಿಗೆ ಬಿಸಿಲು ಬಡಿಯದಿದ್ದರೆ ಸಾಕು.

ನಾನು ಹೊರಟಿದ್ದೆ. ಎರಡು ಸೀರೆಗಳನ್ನು ಗಂಟು ಕಟ್ಟಿ ಸಂತೆಯ ಬುಟ್ಟಿಯಲ್ಲಿಟ್ಟು ಮೇಲೆ ಅರಿವೆ ಮುಚ್ಚಿದ್ದೆ. ಬಿಲ್ಲೆಯನ್ನು ತರುವಂತಿರಲಿಲ್ಲ. ತಂದರೆ ನಮ್ಮ ಮನೆಗೆ ಬಹಿಷ್ಕಾರ ಹಾಕುತ್ತಾರೆ, ಅತ್ತೆಯ ಮೊಣಕಾಲಿಗೆ ಔಷಧವೂ ಸಿಗುವುದಿಲ್ಲ. ಅದನ್ನು ಬಿಚ್ಚಿ ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದೆ. ಬರಿ ಕೊರಳು ಕಾಣದಂತೆ ಸೆರಗು ಹೊದ್ದು ಹೊಸ್ತಿಲು ದಾಟಿ ಕಟ್ಟೆ ಇಳಿದೆ. ಕೊರಳು ಹಗುರಾಗಿತ್ತು. ಮೋಟಾರು ಹಾರನ್ ಹೊಡೆಯುವುದು ಕೇಳಿಸುತ್ತಿತ್ತು.

ಹಿಂದಿನಿಂದ ಎರ್ರಮ್ಮ, "ಅಕ್ಕಾ, ಇದು ಇನ್ನ ಮ್ಯಾಲ ನಂದೇನ್ರಿ?" ಎಂದಳು.

ತಿರುಗಿ ನೋಡಿದೆ. ಮದುವೆಯ ಅರಿಷಿಣ ಇನ್ನೂ ಬಿಟ್ಟಿಲ್ಲದ ಕೈ, ಗೂಟದ ಹತ್ತಿರ ಇತ್ತು. ಅವಳು ಒಳಗೆ ಇದ್ದದ್ದು ಒಂದು ತಿಂಗಳು. ನಾನು ಒಂದು ವರ್ಷ ಇದ್ದೆ. ಒಂದು ತಿಂಗಳಿಗೇ ಅವಳಿಗೆ ಸಿಗುತ್ತದೆಂದು ಕಂಡಾಗ ನನ್ನ ಎದೆಯಲ್ಲಿ ಏನಾಯಿತೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನೀವು ಅದನ್ನೇ ಎಷ್ಟೋ ಸಲ ಬರೆದಿದ್ದೀರಿ.

ಮೂರು ಮೆಟ್ಟಿಲು ಹತ್ತಿ ಹೋಗಿ ಅವಳ ಕೈ ಸರಿಸಿ ಬಿಲ್ಲೆಯನ್ನು ಕಟ್ಟಿಕೊಂಡೆ. "ನಂದವಾ" ಎಂದೆ. ಅವಳು ಅಳಲಿಲ್ಲ, ಒಳಗೆ ಹೋಗಿ ರೊಟ್ಟಿ ಬಡಿಯಲು ಕುಳಿತಳು. ಮೋಟಾರು ಹೋದ ಸದ್ದು ಇಬ್ಬರಿಗೂ ಕೇಳಿಸಿತು.

ಈ ಕಾಗದವನ್ನು ನಾನೇ ಅಂಚೆಗೆ ಹಾಕುತ್ತೇನೆ. ಅಲ್ಲಿಂದ ಸಂತೆಗೆ ಹೋಗಬೇಕು. ಬರುವಾಗ ಎರ್ರಮ್ಮನಿಗೆ ಒಂದಿಷ್ಟು ಬೆಂಡು ಬತ್ತಾಸು ತರುತ್ತೇನೆ, ಹುಡುಗಿ ಬಾಗಿಲಲ್ಲೇ ನಿಂತು ಕಾಯುತ್ತಿರುತ್ತಾಳೆ.

ನಿಮ್ಮ
ಜಂಬಕ್ಕ